ಗೋಸುಂಬೆಯ ಗೂಡಿನ ಅಳತೆ

ಅರಂತೋಡು
3-12-1978

ಮಹಾಬಲನಿಗೆ ಆದಂ ಕುಂಞಿಯ ಸಲಾಂ.

ನಿನ್ನ ದೀಪಾವಳಿಗೊಂದು, ನಮ್ಮ ಪೆರ್ನಾಲಿಗೊಂದು ಎಂದು ವರ್ಷಕ್ಕೆ ಎರಡೇ ಕಾಗದ ಬರೆಯುವವರು ನಾವು. ಹಬ್ಬವಿಲ್ಲದ ದಿನ ಕಾಗದ ಬಂತೆಂದು ಗಾಬರಿಯಾಗಬೇಡ. ನಾನು ಇದ್ದ ಹಾಗೆಯೇ ಇದ್ದೇನೆ. ಸೊಂಟದಿಂದ ಮೇಲೆ ಆದಂ ಕುಂಞಿ, ಕೆಳಗೆ ಬರೀ ಹಾಸಿಗೆ.

ವಿಷಯ ಏನೆಂದರೆ, ನನಗೊಂದು ಗೋಸುಂಬೆ ಸಿಕ್ಕಿದೆ. ಹೋದ ಸೋಮವಾರ ನಮ್ಮ ಚಾದ ಅಂಗಡಿಗೆ ಕಲ್ಲುಗುಂಡಿಯಿಂದ ಸೌದೆ ಬಂತು. ಇಳಿಸುವಾಗ ಎಲೆಯಿದ್ದ ಒಂದು ಗೆಲ್ಲನ್ನು ಹಿಡಿದುಕೊಂಡು ಇದು ಕೂತಿತ್ತು. ಇಳಿಸುವವರು ಗೆಲ್ಲು ಬಿಸಾಡಿ ಓಡಿದರು. ನಮ್ಮ ಮನೆಯವಳು ರುಖಿಯಮ್ಮ ಎರಡು ಕೈಯಲ್ಲೂ ಹೊಕ್ಕುಳು ಮುಚ್ಚಿಕೊಂಡು ನಿಂತಳು. ಇಂಥದ್ದು ದೂರದಲ್ಲಿ ಕೂತೇ ಹೊಕ್ಕುಳಿನಿಂದ ರಕ್ತ ಹೀರುತ್ತದೆ ಎಂದು ಅವಳ ಉಮ್ಮ ಹೇಳಿದ್ದಂತೆ. "ಕೊಂದು ಬಿಸಾಡಿ ಅದನ್ನು" ಎಂದಳು. ನಾನು ಮಂಚದಿಂದಲೇ ಬೊಬ್ಬೆ ಹಾಕಿದೆ, "ಕೊಲ್ಲುದು ಬೇಡ ಮಾರಾಯ್ತಿ, ಇಲ್ಲಿಗೆ ತಾ. ನನ್ನದು ಹೀರಿದ್ರೂ ನನಗೆ ಗೊತ್ತಾಗ್ಲಿಕ್ಕಿಲ್ಲ."

ಈಗ ಅದು ನನ್ನ ಕಿಟಕಿಯ ಹತ್ತಿರ, ಬಿಸ್ಕೆಟಿನ ದೊಡ್ಡ ಡಬ್ಬದಲ್ಲಿದೆ. ಒಂದು ಕಣ್ಣು ಸುಳ್ಯದ ಕಡೆಗೆ, ಇನ್ನೊಂದು ಮಡಿಕೇರಿಯ ಕಡೆಗೆ. ನಡೆಯುವುದು ತುಂಬಿದ ಲಾರಿ ಸಂಪಾಜೆ ಘಾಟಿ ಹತ್ತಿದ ಹಾಗೆ, ಫಸ್ಟ್ ಗೇರಿನಲ್ಲಿ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎಂಟು ವರ್ಷದಲ್ಲಿ ಹೊತ್ತು ಹೀಗೆ ಹೋದದ್ದು ಇದೇ ಮೊದಲು, ಮಹಾಬಲ.

ಡಬ್ಬ ಅದಕ್ಕೆ ಸಾಲುವುದಿಲ್ಲ, ನನಗೇ ಕಾಣುತ್ತದೆ. ಎಷ್ಟು ಉದ್ದ, ಎಷ್ಟು ಅಗಲದ ಗೂಡು ಬೇಕು? ನೀನೀಗ ಪುತ್ತೂರಿನ ಕಾಲೇಜಿನಲ್ಲಿ ಹಾವು ಹಲ್ಲಿಗಳ ನಡುವೆಯೇ ಇರುವವನಲ್ಲವೇ? ನನ್ನ ಲಾರಿಯಲ್ಲಿ ಮೂರು ವರ್ಷ ಕ್ಲೀನರ್ ಆಗಿದ್ದವನು ಪ್ರೊಫೆಸರನಾದ ಎಂದು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ರುಖಿಯಮ್ಮ ಕೇಳುತ್ತಾಳೆ, "ಕ್ಲೀನರ್ ಪ್ರೊಫೆಸರ್ ಆದ. ಡ್ರೈವರಿಗೆ ಹ್ಯಾಂಡ್‌ಬ್ರೇಕ್ ಎಳಿಲಿಕ್ಕೆ ಗೊತ್ತಾಗ್ಲಿಲ್ಲ ಅಲ್ವಾ?" ಅದು ಅವಳ ದಿನದ ದಿಕ್ರ್, ನಿಮ್ಮ ಜಪದ ಹಾಗೆ. ಕೇಳಿ ಕೇಳಿ ನನಗೂ ಅಭ್ಯಾಸವಾಗಿದೆ.

ಬರೆಯುವುದಕ್ಕಿಂತ ಒಂದು ದಿನ ನೀನೇ ಬಂದು ನೋಡು. ಪುತ್ತೂರಿನಿಂದ ಬಸ್ಸಿಗೆ ಎರಡು ಗಂಟೆಯೂ ಬೇಡ. ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಿದ ನಿನ್ನ ಮುಖ ಈಗ ಮರೆಯುತ್ತಾ ಬಂದಿದೆ.

ಆದಂ ಕುಂಞಿ

◆

ಪುತ್ತೂರು
11-12-1978

ಪ್ರೀತಿಯ ಆದಂಕಾಕನಿಗೆ ಮಹಾಬಲನ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಬಹಳ ಸಂತೋಷವಾಯಿತು. ನಾನು ಪ್ರೊಫೆಸರನಲ್ಲ, ಪ್ರಾಣಿಶಾಸ್ತ್ರದ ಲ್ಯಾಬಿನ ಅಟೆಂಡರ್ ಎಂದು ಎಷ್ಟು ಸಲ ಬರೆದರೂ ನೀವು ಕೇಳುವುದಿಲ್ಲ. ಬಾಟಲಿಗಳ ಧೂಳು ಒರೆಸುವುದು, ಔಷಧದ ನೀರು ಬದಲಾಯಿಸುವುದು, ಕಪ್ಪೆ ಹಿಡಿದು ತರುವುದು, ಇಷ್ಟೇ ನನ್ನ ವಿದ್ಯೆ.

ಆದರೆ ನಮ್ಮಲ್ಲಿ ಒಂದು ಗೋಸುಂಬೆ ಇದೆ, ಎರಡನೇ ಕಪಾಟಿನಲ್ಲಿ, ಬಾಟಲಿಯಲ್ಲಿ. ಮೊನ್ನೆ ಎಲ್ಲರೂ ಹೋದ ಮೇಲೆ ಅದನ್ನು ಹೊರಗೆ ತೆಗೆದು ಅಳೆದೆ. ಮೂತಿಯಿಂದ ಬಾಲದ ಬುಡಕ್ಕೆ ಆರೂವರೆ ಇಂಚು. ಬಾಲ ಸುರುಳಿಯಾಗಿ ಗಟ್ಟಿಯಾಗಿತ್ತು, ಮೆಲ್ಲ ಬಿಡಿಸಿದಾಗ ಒಟ್ಟು ಹದಿಮೂರಾಯಿತು. ಅದಕ್ಕೆ ತಿರುಗಾಡಲು ಮೈಯ ಎರಡು ಪಾಲಾದರೂ ಉದ್ದ ಬೇಕಲ್ಲವೇ? ಎರಡು ಅಡಿ ಎರಡು ಇಂಚು ಉದ್ದ, ಒಂದು ಅಡಿ ಅಗಲ. ಎತ್ತರ ಒಂದು ಅಡಿ ಸಾಕು, ಹಾರುವ ಪ್ರಾಣಿ ಅಲ್ಲ.

ಬರಬೇಕೆಂದು ನನಗೂ ಇದೆ. ಈಗ ಪ್ರಾಕ್ಟಿಕಲ್ ಪರೀಕ್ಷೆಯ ತಯಾರಿ, ರಜೆ ಕೊಡುವುದಿಲ್ಲ. ರುಖಿಯಕ್ಕನಿಗೆ ನಮಸ್ಕಾರ ಹೇಳಿ. ಹ್ಯಾಂಡ್‌ಬ್ರೇಕಿನ ಮಾತು ಅವರು ಆಡದಿದ್ದರೆ ಒಳ್ಳೆಯದಿತ್ತು.

ಮಹಾಬಲ

◆

ಅರಂತೋಡು
28-12-1978

ಮಹಾಬಲ,

ನಿನ್ನ ಅಳತೆ ಕಿಟ್ಟಣ್ಣ ಆಚಾರಿಗೆ ಕೊಟ್ಟೆ. ಅವನು ಚೀಟಿ ನೋಡಿ ಕೇಳಿದ, "ಇದು ಪೆಟ್ಟಿಗೆಯಾ, ಮನೆಯಾ?" ಗೂಡು ಎಂದೆ. "ಜೀವ ಉಂಟಲ್ಲ ಒಳಗೆ? ಹಾಗಾದರೆ ಮನೆಯೇ. ಆಯ ನೋಡದೆ ನಾನು ಉಳಿ ಮುಟ್ಟುದಿಲ್ಲ." ದನದ ಹಟ್ಟಿ ಕಟ್ಟುವಾಗಲೂ ಅವನು ಹಾಗೆಯೇ. ಕೋಲು ತೆಗೆದ, ಸುತ್ತಳತೆ ಲೆಕ್ಕ ಹಾಕಿದ, ನಿನ್ನ ಎರಡು ಅಡಿ ಎರಡು ಇಂಚಿಗೆ ಮರಣದ ಆಯ ಬರುತ್ತದೆ ಎಂದ. ಒಂದು ಇಂಚು ಹೆಚ್ಚಿಸಿ ಎರಡು ಅಡಿ ಮೂರು ಇಂಚು ಮಾಡಿದ. ಕಾಲೇಜಿನ ಲೆಕ್ಕವನ್ನು ಆಚಾರಿ ತಿದ್ದಿದ ಎಂದು ಬೇಸರ ಮಾಡಬೇಡ.

ಗೂಡು ಚಂದ ಬಂತು. ಹಲಸಿನ ರೀಪು, ಮುಂದೆ ಕೋಳಿಗೂಡಿನ ಬಲೆ. ಆದರೆ ಪ್ರಾಣಿಗೆ ಸರಿಯಾಗಲಿಲ್ಲ. ಬಿಟ್ಟ ಕೂಡಲೇ ಮೇಲೆ ಹತ್ತಿತು. ಮೇಲೆ ಏನಿದೆ? ಒಂದೇ ಅಡಿ. ತಲೆ ಹಲಗೆಗೆ ತಾಗಿತು. ಅಲ್ಲಿಂದ ಬಲೆಗೆ ಬಂದು ತಲೆ ಕೆಳಗಾಗಿ ನೇತುಕೊಂಡು ಆಚೆ ಈಚೆ, ಆಚೆ ಈಚೆ. ಮೂರು ದಿನ ನೋಡಿದೆ. ಉದ್ದದ ಕಡೆಗೆ ಒಂದು ಸಲವೂ ಹೋಗಲಿಲ್ಲ. ಮೈಯೆಲ್ಲ ಕಪ್ಪು ಮಾಡಿಕೊಂಡು ಮೂಲೆಯಲ್ಲಿ ಕೂತಿತು.

ಮಹಾಬಲ, ನಿನ್ನ ಬಾಟಲಿಯದ್ದನ್ನು ನೀನು ಮಲಗಿಸಿ ಅಳೆದಿರಬೇಕು. ಸತ್ತದ್ದಕ್ಕೆ ಉದ್ದ ಬೇಕು, ಬದುಕಿದ್ದಕ್ಕೆ ಎತ್ತರ ಬೇಕು. ನನ್ನ ಮಂಚ ಆರೂವರೆ ಅಡಿ ಉದ್ದ ಇದೆ, ಒಳ್ಳೆಯ ಮಂಚ. ಅದರಿಂದ ನನಗೇನು? ಒಂದು ಸಲ ಎದ್ದು ನಿಂತು ಆ ಹೆಂಚನ್ನು ಕೈಯಲ್ಲಿ ಮುಟ್ಟಬೇಕೆಂದು ಆಗುತ್ತದೆ. ಈ ಮಾತು ರುಖಿಯಮ್ಮನಿಗೆ ಹೇಳಿಲ್ಲ. ಹೇಳಿದರೆ ಅಳುತ್ತಾಳೆ, ಅತ್ತ ಮೇಲೆ ಬೈಯುತ್ತಾಳೆ.

ಎತ್ತರ ಎಷ್ಟಿರಬೇಕು, ನಿಮ್ಮ ಮೇಷ್ಟ್ರುಗಳ ಹತ್ತಿರ ಕೇಳಿ ಬರೆ. ಇಲ್ಲವಾದರೆ ಬಾ.

ಆದಂ ಕುಂಞಿ

◆

ಪುತ್ತೂರು
6-1-1979

ಪ್ರೀತಿಯ ಆದಂಕಾಕನಿಗೆ,

ನೀವು ಹೇಳಿದ್ದು ಸರಿ. ಮಲಗಿಸಿಯೇ ಅಳೆದೆ. ಗೊತ್ತಾದಾಗ ನಾಚಿಕೆಯಾಯಿತು.

ಮೇಷ್ಟ್ರರಲ್ಲಿ ಕೇಳಿದೆ, ಪುಸ್ತಕವನ್ನೂ ನೋಡಿದೆ. ಮರದಲ್ಲಿ ಬದುಕುವ ಪ್ರಾಣಿಗೆ ಮೈಯ ಮೂರು ಪಾಲು ಎತ್ತರ ಬೇಕು. ಮೂರೂವರೆ ಅಡಿ ಎತ್ತರ, ಎರಡು ಅಡಿ ಅಗಲ, ಎರಡು ಅಡಿ ಆಳ ಇರಲಿ. ಒಳಗೆ ನೆಟ್ಟಗೆ ಒಂದು, ಅಡ್ಡಕ್ಕೆ ಎರಡು ಗೆಲ್ಲು ಇಡಿ. ಮೇಲಿನ ಗೆಲ್ಲಿಗೂ ಮುಚ್ಚಳಕ್ಕೂ ನಡುವೆ ಅರ್ಧ ಅಡಿ ಬಿಡಿ.

ಇಷ್ಟು ದೊಡ್ಡದನ್ನು ಮಾಡಿಸುವುದು ಬೇಡ. ನಮ್ಮ ಲ್ಯಾಬಿನಲ್ಲಿ ಒಂದು ಗಾಜಿನ ಕಪಾಟು ಇದೆ, ಹಿಂದೆ ಹುಲ್ಲು ತುಂಬಿದ ಸತ್ತ ಹದ್ದನ್ನು ಅದರಲ್ಲಿ ಇಟ್ಟಿದ್ದರು. ಹದ್ದಿಗೆ ಹುಳ ಹಿಡಿದು ಬಿಸಾಡಿದ ಮೇಲೆ ಖಾಲಿ ಬಿದ್ದಿದೆ. ಅಳತೆ ಹಿಡಿದು ನೋಡಿದೆ, ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಬೇಡದ ಸಾಮಾನು ಹರಾಜು ಹಾಕುವಾಗ ನಾನು ತೆಗೆದುಕೊಳ್ಳುತ್ತೇನೆ. ಜನವರಿ ಇಪ್ಪತ್ತಾರಕ್ಕೆ ರಜೆ ಇದೆ. ಆ ದಿನ ಬೆಳಗಿನ ಬಸ್ಸಿಗೆ ಖಂಡಿತ ಬರುತ್ತೇನೆ. ನಿಮ್ಮ ಹತ್ತಿರ ಒಂದು ವಿಷಯ ಮಾತನಾಡಲೂ ಇದೆ, ಅದು ಬರೆಯುವಂಥದ್ದಲ್ಲ.

ಮಹಾಬಲ

◆

ಅರಂತೋಡು
12-2-1979

ಮಹಾಬಲ,

ಇಪ್ಪತ್ತಾರಕ್ಕೆ ರುಖಿಯಮ್ಮ ನೈಪತ್ತಿರ್ ರೊಟ್ಟಿ, ಕೋಳಿ ಸಾರು ಮಾಡಿದ್ದಳು. ನೀನು ಬಾರದೆ ನಾವೇ ತಿಂದೆವು. ಕೋಳಿ ಸ್ವಲ್ಪ ಗಟ್ಟಿಯಿತ್ತು, ನಿನಗೆ ನಷ್ಟವೇನೂ ಆಗಲಿಲ್ಲ.

ನೀನು ಬರುವ ಲಕ್ಷಣ ಕಾಣದೆ ಕಿಟ್ಟಣ್ಣನಿಂದ ಹಳೆಯ ಗೂಡನ್ನು ಎತ್ತರ ಮಾಡಿಸಿದೆ. ಸುತ್ತ ಬಲೆ, ಮೂರು ಅಡಿಯ ಮೇಲೆ ನಾಲ್ಕು ಇಂಚು, ಆಯವೂ ಸರಿ. ಈಗ ನೋಡಬೇಕು ನೀನು. ಬೆಳಿಗ್ಗೆ ಬಿಸಿಲು ಬರುವಾಗ ತುದಿಗೆ ಹೋಗಿ ಕೂರುತ್ತದೆ, ಎಳೆಯ ಬಾಳೆಯೆಲೆಯ ಬಣ್ಣಕ್ಕೆ ತಿರುಗುತ್ತದೆ. ತಟ್ಟೆಯಲ್ಲಿಟ್ಟ ನೀರು ಮುಟ್ಟುವುದಿಲ್ಲ. ರುಖಿಯಮ್ಮ ಬಸಳೆ ತೊಳೆದ ಕೈಯನ್ನು ಗೂಡಿನ ಕಡೆಗೆ ಕೊಡವಿದಳು, ಎಲೆಯಲ್ಲಿ ನಿಂತ ಹನಿಯನ್ನು ನೆಕ್ಕಿ ಕುಡಿಯಿತು. ಆ ದಿನದಿಂದ ಬೆಳಿಗ್ಗೆ ಸಂಜೆ ಅವಳೇ ನೀರು ಕೊಡವುವುದು. ಒಂದು ಕೈ ಹೊಕ್ಕುಳಿನ ಮೇಲೆ, ಒಂದು ಕೈ ಬಸಳೆಯಲ್ಲಿ.

ಗಾಜಿನ ಕಪಾಟು ಬೇಡ ಎನ್ನುವುದಿಲ್ಲ. ಆದರೆ ನೀನೇ ಹಿಡಿದುಕೊಂಡು ಬಂದರೆ ಮಾತ್ರ. ಏನೋ ಮಾತನಾಡಲು ಇದೆ ಎಂದೆಯಲ್ಲ, ನಾನು ಎಲ್ಲಿಗೂ ಹೋಗುವವನಲ್ಲ. ನೀನು ಮಾತನಾಡದೆ ಸುಮ್ಮನೆ ಕೂತು ಚಾ ಕುಡಿದು ಹೋದರೂ ಸಾಕು.

ಆದಂ ಕುಂಞಿ

◆

ಪುತ್ತೂರು
2-4-1979

ಪ್ರೀತಿಯ ಆದಂಕಾಕನಿಗೆ,

ಜನವರಿಯಲ್ಲಿ ನನಗೆ ಜ್ವರ ಬಂದಿತ್ತು. ಬರೆಯಲು ತಡವಾಯಿತು, ಕ್ಷಮಿಸಿ.

ಗಾಜಿನ ಕಪಾಟು ಸಿಕ್ಕಿತು! ನಾಳೆಯ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದೇನೆ. ಕಂಡಕ್ಟರ್ ಚನಿಯಪ್ಪ ನನ್ನ ಪರಿಚಯದವನು, ಅಂಗಡಿಯ ಎದುರೇ ಇಳಿಸಿ ಕೊಡುತ್ತಾನೆ. ನಾನೇ ಬರಬೇಕಿತ್ತು. ಪರೀಕ್ಷೆಯ ಸಮಯ, ಅರ್ಧ ದಿನವೂ ಬಿಡುವುದಿಲ್ಲ.

ನಾಲ್ಕು ದಿನ ಕೂತು ಸೋಡಾ ಹಾಕಿ ತೊಳೆದಿದ್ದೇನೆ, ಹದ್ದಿನ ವಾಸನೆ ಹೋಗಿದೆ. ಮುಚ್ಚಳದಲ್ಲಿ ಗಾಳಿಗೆ ಆರು ತೂತು ಕೊರೆಸಿದ್ದೇನೆ. ಮೂರೂವರೆ ಅಡಿ ಎತ್ತರ, ಅಳತೆಯಲ್ಲಿ ಕೂದಲಷ್ಟೂ ತಪ್ಪಿಲ್ಲ. ಬಲೆಯಲ್ಲಿ ಉಗುರು ಸಿಕ್ಕಿಹಾಕಿಕೊಳ್ಳುವ ಭಯವಿದೆ, ಗಾಜಿನಲ್ಲಿ ಅದಿಲ್ಲ. ನೀವು ಮಲಗಿದಲ್ಲಿಂದಲೇ ನಾಲ್ಕು ಕಡೆಯಿಂದಲೂ ಕಾಣುತ್ತದೆ. ಬಂದ ದಿನವೇ ಅದನ್ನು ಇದರೊಳಗೆ ಬಿಡಿ. ಆದಂಕಾಕ, ಇಷ್ಟು ವರ್ಷದಲ್ಲಿ ನಿಮಗಾಗಿ ನಾನು ಮಾಡಿದ ಕೆಲಸ ಇದೊಂದೇ. ನೀವು ಇದನ್ನು ಬೇಡ ಎನ್ನಬಾರದು.

ಮಹಾಬಲ

◆

ಅರಂತೋಡು
19-4-1979

ಮಹಾಬಲ,

ರುಖಿಯಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಕೈ ಸ್ವಲ್ಪ ಸೋತಿದೆ, ಸೆಕೆಗೆ ಇರಬೇಕು.

ಕಪಾಟು ಒಡೆಯದೆ ಬಂತು. ಬಂದ ದಿನವೇ ಪ್ರಾಣಿಯನ್ನು ಅದರೊಳಗೆ ಬಿಟ್ಟೆವು. ಅಳತೆ ಸರಿಯಾಗಿದೆ. ಅದು ಚೆನ್ನಾಗಿದೆ.

ಇನ್ನೊಂದು ವಿಷಯ ಕೇಳಬೇಕಿತ್ತು. ಕಿಟಕಿಯನ್ನೇ ಗೂಡು ಮಾಡಿದರೆ ಹೇಗೆ? ಹೊರಗಿನಿಂದ ಬಲೆ ಹೊಡೆದು, ಒಳಗೆ ಗಿಡ ಇಟ್ಟು. ಎಷ್ಟು ಎತ್ತರ, ಎಷ್ಟು ಆಳ ಬೇಕಾದೀತು? ನಿಧಾನವಾಗಿ ಲೆಕ್ಕ ಹಾಕಿ ಬರೆ. ಅವಸರವಿಲ್ಲ, ಆದರೆ ಬರೆಯದೆ ಇರಬೇಡ.

ಆದಂ ಕುಂಞಿ

◆

ಪುತ್ತೂರು
5-5-1979

ಪ್ರೀತಿಯ ಆದಂಕಾಕನಿಗೆ,

ಅದು ಚೆನ್ನಾಗಿದೆ ಎಂದು ಓದಿ ನನಗೆಷ್ಟು ಸಮಾಧಾನವಾಯಿತೆಂದು ಹೇಗೆ ಬರೆಯಲಿ! ಕಾಗದವನ್ನು ಹೆಂಡತಿಗೂ ಓದಿ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ, ಒಂದು ಓತಿಗೆ ಇಷ್ಟು ಕುಣಿಯುವುದೇ ಎಂದಳು.

ಕಿಟಕಿಯ ಯೋಚನೆ ಬಹಳ ಒಳ್ಳೆಯದು. ಎತ್ತರ ಐದು ಅಡಿ, ಅಗಲ ಮೂರು, ಹೊರಗೆ ಚಾಚಿದ ಆಳ ಎರಡೂವರೆ. ಕೆಳಗೆ ಒಂದು ಅಡಿ ಮಣ್ಣು ತುಂಬಿಸಿ ದಾಸವಾಳ ನೆಡಿ. ಬಲೆ ಹಸಿರು ಬಣ್ಣದ್ದಿರಲಿ. ಗಾಜಿನ ಕಪಾಟಿನಿಂದ ಅದಕ್ಕೆ ಬದಲಾಯಿಸುವಾಗ ಮೊದಲು ಅರ್ಧ ದಿನ ಬಿಟ್ಟು ನೋಡಿ. ಒಮ್ಮೆಗೇ ಬಿಟ್ಟರೆ ಹೆದರೀತು.

ಮೇ ಇಪ್ಪತ್ತಾರು ಶನಿವಾರ, ನನಗೆ ಬಿಡುವು. ಈ ಸಲ ತಪ್ಪುವುದಿಲ್ಲ.

ಮಹಾಬಲ

◆

ಅರಂತೋಡು
3-6-1979

ಮಹಾಬಲ,

ಇದನ್ನೂ ರುಖಿಯಮ್ಮ ಬರೆಯುತ್ತಿದ್ದಾಳೆ. ಕಿಟಕಿಗೆ ಬಲೆ ಹೊಡೆದಾಯಿತು, ನೀನು ಹೇಳಿದ ಅಳತೆಯಲ್ಲೇ. ಕಿಟ್ಟಣ್ಣ ಎರಡು ಇಂಚು ಕಡಿಮೆ ಮಾಡಿದ್ದಾನೆ, ಯಾಕೆಂದು ನಿನಗೆ ಗೊತ್ತು. ದಾಸವಾಳ ಚಿಗುರಿದೆ. ಪ್ರಾಣಿ ಮಿಡತೆ ತಿಂದು ಕೊಬ್ಬಿದೆ.

ಇಪ್ಪತ್ತಾರನೇ ತಾರೀಕು ಹನ್ನೊಂದು ಗಂಟೆಯ ಬಸ್ಸು ಅಂಗಡಿಯ ಎದುರು ನಿಂತಿತು. ಬಲಬದಿಯ ಕಿಟಕಿಯಲ್ಲಿ ನಿನ್ನಂತಹ ಒಬ್ಬ ಕೂತಿದ್ದ. ನೆತ್ತಿಯಲ್ಲಿ ಕೂದಲಿಲ್ಲ. ನಾನು ಕೈ ಎತ್ತಿದೆ. ಅವನು ಎದುರಿನ ಸೀಟಿನ ಕಂಬಿ ನೋಡುತ್ತಿದ್ದ. ಬಸ್ಸು ಕಲ್ಲುಗುಂಡಿಯ ಕಡೆಗೆ ಹೋಯಿತು. ನೀನಾಗಿರಲಿಕ್ಕಿಲ್ಲ. ನಿನಗೆ ಅಷ್ಟು ಬೇಗ ತಲೆ ಬೋಳಾಗಲು ಪ್ರಾಯ ಎಷ್ಟು?

ಮಹಾಬಲ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಇದನ್ನು ಎರಡು ಸಲ ಬರೆ ಎಂದು ರುಖಿಯಮ್ಮನಿಗೆ ಹೇಳಿದ್ದೇನೆ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಬರಲಾಗದಿದ್ದರೆ ಬೇಡ, ಕಾಗದವಾದರೂ ಬರೆ. ಗೂಡಿನ ವಿಷಯ ಏನಾದರೂ ಕೇಳು, ನಾನು ಅಳೆದು ಹೇಳುತ್ತೇನೆ.

ಆದಂ ಕುಂಞಿ

◆

ಪುತ್ತೂರು
14-7-1979

(ಕಾರ್ಡು)

ಆದಂಕಾಕನಿಗೆ ನಮಸ್ಕಾರ. ಮಳೆ ಜೋರಾಗಿದೆ. ಕಿಟಕಿಯ ಗೂಡಿಗೆ ಮೇಲಿನಿಂದ ಸೋಗೆಯೋ ತಗಡೋ ಹೊದಿಸಿದ್ದೀರಾ? ಬಲೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಿ. ಪ್ರಾಣಿ ಹೇಗಿದೆ? ಕೂಡಲೇ ಬರೆಯಿರಿ.

ಮಹಾಬಲ

◆

ಪುತ್ತೂರು
2-9-1979

ಪ್ರೀತಿಯ ಆದಂಕಾಕನಿಗೆ,

ಜುಲೈಯಲ್ಲಿ ಹಾಕಿದ ಕಾರ್ಡಿಗೆ ಉತ್ತರವಿಲ್ಲ. ಪೆರ್ನಾಲಿಗೆ ಬರುವ ಕಾಗದವೂ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಪೆರ್ನಾಲಿನ ಕಾಗದ ತಪ್ಪಿದ್ದು ಇದೇ ಮೊದಲು. ನಿಮಗೆ ಕೊನೆಗೂ ನನ್ನ ಮೇಲೆ ಸಿಟ್ಟು ಬಂದಿದೆ ಎಂದು ತಿಳಿದುಕೊಂಡಿದ್ದೇನೆ. ಬರಲೇಬೇಕಾದದ್ದು.

ಬಸ್ಸಿನಲ್ಲಿ ಇದ್ದದ್ದು ನಾನೇ. ಅರಂತೋಡಿಗೆ ಟಿಕೇಟು ತೆಗೆದಿದ್ದೆ. ಬಸ್ಸು ನಿಂತಾಗ ಹಸಿರು ಬಲೆ ಕಂಡಿತು, ಬಲೆಯ ಹಿಂದೆ ನಿಮ್ಮ ಮುಖ ಕಂಡಿತು. ಎಷ್ಟು ಸಣ್ಣಗಾಗಿದ್ದೀರಿ. ನೀವು ಕೈ ಎತ್ತಿದ್ದನ್ನೂ ನೋಡಿದೆ. ನನ್ನ ಕಾಲು ಏಳಲಿಲ್ಲ. ಕಂಡಕ್ಟರ್ "ಇಳಿಲಿಕ್ಕಿಲ್ವಾ ನಿಮಗೆ?" ಎಂದು ಕೇಳಿದ. ಕಲ್ಲುಗುಂಡಿಗೆ ಇನ್ನೊಂದು ಟಿಕೇಟು ಕೊಡಿ ಎಂದೆ. ಅಲ್ಲಿ ಇಳಿದು, ಒಂದು ಅಂಗಡಿಯ ಜಗಲಿಯಲ್ಲಿ ಕೂತು, ಸಂಜೆಯ ಬಸ್ಸಿಗೆ ವಾಪಸ್ ಹೋದೆ. ಅರಂತೋಡು ಬಂದಾಗ ಅಂಗಡಿ ಕಾಣದಂತೆ ಬಲಗಡೆಗೆ ತಿರುಗಿ ಕೂತಿದ್ದೆ.

ಜನವರಿಯಲ್ಲಿ ಜ್ವರ ಬಂದದ್ದು ಸುಳ್ಳು. ಮೇಷ್ಟ್ರರಲ್ಲಿ ಕೇಳಿದೆ ಎಂದು ಬರೆದದ್ದೂ ಸುಳ್ಳು. ಕೇಳಿದರೆ ಯಾರಿಗೆ ಎನ್ನುತ್ತಾರೆ, ಸ್ನೇಹಿತನಿಗೆ ಎಂದರೆ ಅವರಿಗೇನಾಗಿದೆ ಎನ್ನುತ್ತಾರೆ, ಹೇಗಾಯಿತು ಎನ್ನುತ್ತಾರೆ. ಅಲ್ಲಿಗೆ ಬಂದು ನಿಲ್ಲುವುದು ನನಗೆ ಬೇಡವಿತ್ತು. ಗೂಡಿನ ಅಳತೆಗಳೆಲ್ಲ ನಾನೇ ಯೋಚಿಸಿ ಬರೆದದ್ದು.

ಈಗ ಆ ವಿಷಯ ಬರೆಯುತ್ತೇನೆ. ಎದುರು ಕೂತು ಹೇಳಬೇಕೆಂದಿದ್ದೆ, ಆ ಧೈರ್ಯ ನನಗೆ ಈ ಜನ್ಮದಲ್ಲಿ ಬರುವಂತೆ ಕಾಣುವುದಿಲ್ಲ.

ಸಂಪಾಜೆ ಘಾಟಿಯ ಆ ತಿರುವಿನಲ್ಲಿ ಗಾಡಿ ಕೆಟ್ಟು ನಿಂತಾಗ ನೀವು ಹೇಳಿದಿರಿ, "ಮಾಬಲ, ಕಲ್ಲು ಕೊಡು." ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು, ಎರಡು ತಿಂಗಳಿನಿಂದ ಹಾಗೆಯೇ ಓಡಿಸುತ್ತಿದ್ದೆವು. ರಿಪೇರಿಗೆಂದು ನೀವು ಗಾಡಿಯ ಅಡಿಗೆ ಹೋಗುವ ಮೊದಲು ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ನನ್ನ ಕೆಲಸ. ನಾನು ರಸ್ತೆಯ ಬದಿಯಲ್ಲಿ ಕಲ್ಲು ಹುಡುಕುತ್ತಿದ್ದೆ. ಎರಡು ಸಣ್ಣದು ಸಿಕ್ಕಿತು, ದೊಡ್ಡದು ಸಿಗಲಿಲ್ಲ. ನೀವು "ಆಯ್ತನಾ?" ಎಂದು ಕೇಳಿದಿರಿ. ತಡಮಾಡಿದರೆ ಬೈಯುತ್ತೀರಿ ಎಂದು, ಕಲ್ಲು ಕೈಗೆ ಸಿಗುವ ಮೊದಲೇ "ಆಯ್ತು, ಕೊಟ್ಟೆ" ಎಂದು ಕೂಗಿದೆ. ಯಾವಾಗಲೂ ಹಾಗೆಯೇ ಮಾಡುತ್ತಿದ್ದೆ. ಕೂಗಿ ಆಮೇಲೆ ಓಡಿ ಬಂದು ಇಡುತ್ತಿದ್ದೆ. ಆ ದಿನ ನಾನು ಬಂದು ಮುಟ್ಟುವ ಮೊದಲು ಗಾಡಿ ಹಿಂದೆ ಬಂತು.

ನೀವು ನನ್ನ ಮಾತು ನಂಬಿ ಅಡಿಗೆ ಹೋದಿರಿ. ಪೊಲೀಸರು ಆಸ್ಪತ್ರೆಯಲ್ಲಿ ಕೇಳಿದಾಗ, ನಾನು ಬಾಗಿಲಲ್ಲಿ ನಿಂತಿದ್ದೆ. "ಹ್ಯಾಂಡ್‌ಬ್ರೇಕ್ ಹಾಕ್ಲಿಕ್ಕೆ ಮರ್ತೆ" ಎಂದಿರಿ. ನಿಮಗೆ ನೆನಪು ತಪ್ಪಿದೆಯೋ, ನನ್ನನ್ನು ಉಳಿಸಿದಿರೋ, ಇಂದಿಗೂ ನನಗೆ ಗೊತ್ತಿಲ್ಲ. ಕೇಳಲು ಹೆದರಿ ಒಂಬತ್ತು ವರ್ಷ ಕಳೆದೆ. ಉತ್ತರ ಯಾವುದಾದರೂ ಸರಿ, ಬರೆಯಿರಿ. ಬೈದು ಬರೆದರೂ ಸರಿ.

ಮಹಾಬಲ

◆

ಅರಂತೋಡು
16-9-1979

ಮಹಾಬಲ ಅವರಿಗೆ ರುಖಿಯಮ್ಮ ಬರೆಯುವುದು.

ನಿಮ್ಮ ಕಾಗದ ಬಂತು. ಓದುವವರು ನಾನೊಬ್ಬಳೇ ಇದ್ದದ್ದು, ಓದಿದೆ.

ಅವರು ಹೋಗಿ ಇಂದಿಗೆ ಇಪ್ಪತ್ತೈದು ದಿನ. ಪೆರ್ನಾಲಿಗೆ ಎರಡು ದಿನ ಇರುವಾಗ, ಬೆಳಿಗ್ಗೆ. ಬೆನ್ನಿನ ಹುಣ್ಣು ಹೋದ ವರ್ಷದಿಂದಲೇ ಇತ್ತು. ಮಾರ್ಚಿನಲ್ಲಿ ಸುಳ್ಯದ ಡಾಕ್ಟರು ಮೂತ್ರದ ಚೀಲಕ್ಕೂ ಕೀವು ಹೋಗಿದೆ, ಇನ್ನು ಹೆಚ್ಚು ದಿನ ಇಲ್ಲ ಎಂದರು. ನಿಮಗೆ ಬರೆಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ನಿಮ್ಮ ಜುಲೈಯ ಕಾರ್ಡು ಬರುವಾಗ ಬರೆಸುವಷ್ಟು ಬಲ ಅವರಿಗೆ ಇರಲಿಲ್ಲ. ತೀರಿಕೊಂಡ ಮೇಲೆ ನಿಮಗೊಂದು ಕಾರ್ಡು ಹಾಕಬೇಕಿತ್ತು. ಬೇಕೆಂದೇ ಹಾಕಲಿಲ್ಲ. ಕರೆದು ಕರೆದು ಸೋತರು, ಒಂದು ಸಲ ಬಾರದವನಿಗೆ ಎಂತಕ್ಕೆ ಹೇಳುವುದು ಎಂದು ನನಗೆ ಸಿಟ್ಟಿತ್ತು.

ಗೋಸುಂಬೆಯ ವಿಷಯವೂ ನಿಮಗೆ ತಿಳಿಯಬೇಕು. ನಿಮ್ಮ ಗಾಜಿನ ಕಪಾಟಿನಲ್ಲಿ ಅದು ಎರಡು ದಿನ ಬದುಕಿತು. ಮಧ್ಯಾಹ್ನದ ಬಿಸಿಲು ಆ ಕಿಟಕಿಗೆ ನೇರ ಬೀಳುತ್ತದೆ. ಮೊದಲ ದಿನ ಗಾಜಿನಲ್ಲಿ ತನ್ನನ್ನೇ ಕಂಡು ಬಾಯಿ ತೆರೆದು ಹೆದರಿಸುತ್ತಾ ಇತ್ತು. ಎರಡನೇ ದಿನ ನಾನು ಅಂಗಡಿಯಲ್ಲಿದ್ದೆ, ಬಸ್ಸಿನ ಜನ ತುಂಬಿತ್ತು. ಅವರು ಒಳಗಿನಿಂದ ಕರೆದದ್ದು ನನಗೆ ಕೇಳಲಿಲ್ಲ. ಕಪಾಟು ಅವರ ಕೈಗೆ ಎಟಕುವುದಿಲ್ಲ. ನಾನು ಹೋಗುವಾಗ ಅದು ಕೆಳಗೆ ಬಿದ್ದು ಬಿಳಿಚಿತ್ತು. ಅವರ ಕಣ್ಣೆದುರೇ ಹೋಯಿತು.

ಆ ಸಂಜೆಯೇ ನಿಮಗೆ ಬರೆಯಲು ಕೂತೆ. "ಬರಿಬೇಡ" ಎಂದರು. "ಅವನು ಪುಕ್ಕಲ. ಇದು ಗೊತ್ತಾದ್ರೆ ಕಾಗದವೂ ನಿಲ್ಲಿಸ್ತಾನೆ." ಆಮೇಲೆ ಅದು ಚೆನ್ನಾಗಿದೆ ಎಂದು ಬರೆಸಿದರು. ಮಿಡತೆ ತಿಂದು ಕೊಬ್ಬಿದೆ ಎಂದು ಬರೆಸಿದರು. ಸತ್ತ ಪ್ರಾಣಿಗೆ ನನ್ನ ಕೈಯಿಂದಲೇ ಮಿಡತೆ ತಿನ್ನಿಸಿದರು. ನೀವು ಬಂದರೆ ಕಿಟಕಿ ಖಾಲಿ ಕಾಣಬಾರದು ಎಂದು ಸೌದೆಯವರಿಗೆಲ್ಲ ಹೇಳಿ ಇನ್ನೊಂದನ್ನು ಹುಡುಕಿಸಿದರು. ಸಿಗಲಿಲ್ಲ. ನಿಮ್ಮ ಅಳತೆಯ ಕಾಗದ ಬಂದಾಗೆಲ್ಲ ಎರಡೆರಡು ಸಲ ಓದಿಸುತ್ತಿದ್ದರು. ಖಾಲಿ ಗೂಡಿಗೆ ಇಷ್ಟೆಲ್ಲ ಅಳತೆ ಯಾಕೆಂದು ನಾನು ಬೈದೆ.

ಬೈಯುವುದು ನನಗೆ ಅಭ್ಯಾಸವಾಗಿತ್ತು. ಇನ್ನು ಹೇಳುವುದು ಅದನ್ನೇ.

ಒಂಬತ್ತು ವರ್ಷ ದಿನಕ್ಕೆ ಎರಡು ಸಲ ಅವರ ಬಟ್ಟೆ ಬದಲಾಯಿಸಿದವಳು ನಾನು. ಹೊಟ್ಟೆಪಾಡಿಗೆ ಚಾದ ಒಲೆಯ ಎದುರು ನಿಂತವಳು ನಾನು. ನನಗೆ ಮಕ್ಕಳಾಗಲಿಲ್ಲ, ಮದುವೆಯಾಗಿ ಎರಡೇ ವರ್ಷಕ್ಕೆ ಹೀಗಾಯಿತು. ಎದ್ದದ್ದು ಕೂತದ್ದಕ್ಕೆಲ್ಲ ಅವರಿಗೆ ಒಂದೇ ಮಾತು ಹೇಳುತ್ತಿದ್ದೆ. "ಒಂದು ಬ್ರೇಕ್ ಎಳೆಯುದು ಅಷ್ಟು ಕಷ್ಟ ಇತ್ತಾ ನಿಮಗೆ? ನಿಮ್ಮ ಕಾಲನ್ನು ನೀವೇ ತುಂಡು ಮಾಡಿದ್ದು. ನನ್ನ ಬದುಕನ್ನೂ ನೀವೇ ಮಾಡಿದ್ದು." ಅವರು ನಗುತ್ತಿದ್ದರು. "ಮರ್ತು ಹೋಯ್ತು ಮಾರಾಯ್ತಿ, ಎಂತ ಮಾಡುದು" ಎನ್ನುತ್ತಿದ್ದರು. ಯಾವ ದಿನವೂ ಎದುರು ಮಾತನಾಡಲಿಲ್ಲ. ತಪ್ಪು ಮಾಡಿದವರು ಸುಮ್ಮನಿರುತ್ತಾರೆ ಎಂದೇ ನಾನು ತಿಳಿದುಕೊಂಡಿದ್ದೆ.

ಹೋಗುವ ಹಿಂದಿನ ದಿನವೂ ಹೇಳಿದ್ದೇನೆ. ಹುಣ್ಣು ತೊಳೆಯುವಾಗ ನನಗೇ ತಡೆಯದೆ ಬಾಯಿಗೆ ಬಂತು.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಎರಡು ಸಲ ಬರೆಸಿದರಲ್ಲ, ಆಗ ನಾನು ಅದು ನೀವು ಬರಲಿಲ್ಲವೆಂಬ ಸಿಟ್ಟಿನ ಮಾತು ಎಂದುಕೊಂಡು ಬರೆದೆ. ಯಾವ ಸಿಟ್ಟೆಂದು ಈಗ ಗೊತ್ತಾಯಿತು. ಅವರಿಗೆ ನೆನಪು ತಪ್ಪಿರಲಿಲ್ಲ, ಮಹಾಬಲ ಅವರೇ. ಡಾಕ್ಟರರ ಹತ್ತಿರ ಆ ದಿನದ ಪ್ರತಿಯೊಂದನ್ನೂ ಹೇಳುತ್ತಿದ್ದರು, ಯಾವ ಮರದ ಲೋಡು, ಎಷ್ಟು ತುಂಡು, ಎಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇದೇ. ನಿಮ್ಮನ್ನು ಉಳಿಸಿದರು. ಹಾಗೆ ಉಳಿಸಿದ್ದಕ್ಕೆ ನನ್ನ ಬಾಯಿಯ ಮಾತು ದಿನಾ ತಿಂದರು. ನನಗೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನಾನು ಊರಿಗೆಲ್ಲ ಹೇಳುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಹೇಳುತ್ತಿದ್ದೆ, ಅದೂ ನಿಜವೇ.

ನೀವು ಈ ಕಾಗದವನ್ನು ಒಂದು ತಿಂಗಳು ಮೊದಲು ಬರೆದಿದ್ದರೆ ಸಾಕಿತ್ತು. ಬಸ್ಸಿನಿಂದ ಇಳಿದಿದ್ದರೆ ಸಾಕಿತ್ತು. ಒಂದೇ ಒಂದು ದಿನ ಅವರ ಹತ್ತಿರ ಕೂತು, ತಪ್ಪಾಯಿತು ಎಂದು ಹೇಳಲು ನನಗೆ ಸಿಗುತ್ತಿತ್ತು. ನಿಮ್ಮ ತಪ್ಪನ್ನು ನೀವು ಬರೆದು ಕಳಿಸಿದಿರಿ, ನಿಮಗೆ ವಿಳಾಸ ಇತ್ತು. ನನ್ನದನ್ನು ನಾನು ಯಾವ ವಿಳಾಸಕ್ಕೆ ಬರೆಯಲಿ?

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ನನ್ನಿಂದ ಆಗುವುದಿಲ್ಲ. ಅವರು ಬರೆಸುವಾಗ ಸುಳ್ಳು ಬರೆದೆ, ಈಗ ಬರೆಸುವವರಿಲ್ಲ.

ನಾನೀಗ ಇದ್ದತಿನಲ್ಲಿ ಕೂತಿದ್ದೇನೆ. ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಅಂಗಡಿಯನ್ನು ನನ್ನ ತಮ್ಮ ಹೈದರ್ ನೋಡಿಕೊಳ್ಳುತ್ತಾನೆ. ಅಲ್ಲಿಯವರೆಗೆ ಬರಬೇಡಿ, ಕಾಗದವನ್ನೂ ಬರೆಯಬೇಡಿ. ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಅದು ಮುಗಿದ ಮೇಲೆ ಬನ್ನಿ. ಬೆಳಗಿನ ಬಸ್ಸಿಗೇ ಬನ್ನಿ, ಅರಂತೋಡಿನಲ್ಲೇ ಇಳಿಯಿರಿ. ಆ ದಿನ ಏನಾಯಿತೆಂದು ಮೊದಲಿನಿಂದ ಕೊನೆಯವರೆಗೆ ನನ್ನ ಎದುರು ಕೂತು ಹೇಳಿ. ಅವರು ಅಡಿಗೆ ಹೋಗುವಾಗ ಎಂತ ಹೇಳಿದರು, ಬಿದ್ದ ಮೇಲೆ ಎಂತ ಹೇಳಿದರು, ನನ್ನ ಹೆಸರು ತೆಗೆದರಾ, ಎಲ್ಲ ಹೇಳಬೇಕು.

ಅದಾದ ಮೇಲೆ ನಾನೂ ಹೇಳಲು ಇದೆ. ಒಂಬತ್ತು ವರ್ಷ ನಾನು ಅವರಿಗೆ ಹೇಳಿದ್ದನ್ನೆಲ್ಲ ಹೇಳುತ್ತೇನೆ. ನೀವು ಎದ್ದು ಹೋಗದೆ ಕೇಳಬೇಕು. ಇದನ್ನು ಕೇಳಬೇಕಾದವರು ಈ ಲೋಕದಲ್ಲಿ ಈಗ ನೀವೊಬ್ಬರೇ ಉಳಿದಿರುವುದು.

ರುಖಿಯಮ್ಮ